ತಲೆನೋವಿನ ಹೊಸ ಮದ್ದು ಗೆದ್ದದ್ದು ಯಾರ ಎದುರು?

ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಅರಿವಳಿಕೆ ಕೊಟ್ಟು, ತೊಡೆಸಂದಿನಲ್ಲಿ ಚರ್ಮವನ್ನು ಚೂರು ಕೊಯ್ದು, ಒಳಗೆ ಏನನ್ನೂ ಮಾಡದೆ ಎಬ್ಬಿಸಿ ಮನೆಗೆ ಕಳುಹಿಸುವುದು ವೈದ್ಯರು ಮಾಡುವ ಕೆಲಸವೇ? ಬ್ರಿಟನ್ನಿನಲ್ಲಿ ನಡೆದ ‘ಮಿಸ್ಟ್’ ಎಂಬ ಮೈಗ್ರೇನ್ ಪ್ರಯೋಗದಲ್ಲಿ 73 ಮಂದಿಯ ಪಾಲಿಗೆ ಬಂದದ್ದು ಇದೇ. ಹೀಗೂ ಆಗಬಹುದು ಎಂದು ಮೊದಲೇ ತಿಳಿಸಿ, ಒಪ್ಪಿಗೆ ಪಡೆದೇ ಮಾಡಿದ ಕೆಲಸ ಅದು. ಇನ್ನುಳಿದ 74 ಮಂದಿಗೆ ಅದೇ ಜಾಗದಿಂದ ರಕ್ತನಾಳದೊಳಗೆ ನಳಿಗೆ ತೂರಿಸಿ, ಹೃದಯದ ಮೇಲಿನ ಎರಡು ಕೋಣೆಗಳ ನಡುವಿದ್ದ ಸಣ್ಣ ಕಿಂಡಿಯನ್ನು ಒಂದು ಸಾಧನವಿಟ್ಟು ಮುಚ್ಚಿದರು. ತನಗೆ ಸಾಧನ ಹಾಕಿದ್ದಾರೋ ಬರೀ ಚರ್ಮ ಕೊಯ್ದಿದ್ದಾರೋ ಎಂಬುದು ಯಾವ ರೋಗಿಗೂ ಗೊತ್ತಿರಲಿಲ್ಲ.

ತಲೆನೋವಿಗೂ ಹೃದಯದ ಕಿಂಡಿಗೂ ಎಲ್ಲಿಯ ನಂಟು? ತಾಯಿಯ ಹೊಟ್ಟೆಯಲ್ಲಿದ್ದಾಗ ಎಲ್ಲರಿಗೂ ಇರುವ ಈ ಕಿಂಡಿ ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಬೇರೆ ಕಾರಣಕ್ಕೆ ಅದನ್ನು ಮುಚ್ಚಿಸಿಕೊಂಡವರಲ್ಲಿ ಕೆಲವರು ತಮ್ಮ ಮೈಗ್ರೇನ್ ಹೋಯಿತೆಂದು ಹೇಳತೊಡಗಿದ್ದರು. ಅಂಥ ವರದಿಗಳು ಒಂದರ ಮೇಲೊಂದು ಬಂದವು. ಆಮೇಲೆ ನಡೆದ ಮಿಸ್ಟ್ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾದಾಗ, ತಲೆನೋವು ಪೂರ್ತಿ ನಿಂತವರು ಸಾಧನ ಹಾಕಿಸಿಕೊಂಡ 74ರಲ್ಲಿ ಮೂವರು, ಬರೀ ಚರ್ಮ ಕೊಯ್ಯಿಸಿಕೊಂಡ 73ರಲ್ಲಿಯೂ ಮೂವರು. ಪ್ರಯೋಗದ ಒಳಗಿನವರೇ ಆಗಿದ್ದ ಹೃದ್ರೋಗ ತಜ್ಞ ಪೀಟರ್ ವಿಲ್ಮ್ಸ್‌ಹರ್ಸ್ಟ್ ಅದು ನಡೆದ ರೀತಿಯನ್ನು ಟೀಕಿಸಿದ್ದಕ್ಕೆ, ಸಾಧನ ತಯಾರಿಸಿದ ಕಂಪನಿ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. 2011ರಲ್ಲಿ ಕಂಪನಿಯೇ ಬಾಗಿಲು ಹಾಕಿದ್ದರಿಂದ ಮೊಕದ್ದಮೆಯೂ ಮುಗಿಯಿತು.

ಆ 73 ಮಂದಿಯ ಸುಳ್ಳು ಶಸ್ತ್ರಚಿಕಿತ್ಸೆ ಇಲ್ಲದೆ ಹೋಗಿದ್ದರೆ ಇವತ್ತು ಎಷ್ಟು ಆಸ್ಪತ್ರೆಗಳಲ್ಲಿ ತಲೆನೋವಿಗೆಂದು ಹೃದಯದ ಕಿಂಡಿ ಮುಚ್ಚುವ ಪ್ಯಾಕೇಜ್ ಇರುತ್ತಿತ್ತೋ! ತಲೆನೋವಿಗೆ ಹೊಸ ಮದ್ದು ಬಂದಿದೆ, ನೋವಿನ ದಿನಗಳು ಅರ್ಧಕ್ಕೆ ಇಳಿದಿವೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಮೇಲಿಂದ ಮೇಲೆ ಬರುತ್ತಿದೆ. ಅದನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಗೆದ್ದದ್ದು ಯಾರ ಎದುರು? ಏನೂ ಇಲ್ಲದ ಗುಳಿಗೆಯ ಎದುರೋ, ನಮ್ಮ ವೈದ್ಯರು ಈಗಾಗಲೇ ಬರೆದುಕೊಡುತ್ತಿರುವ ಅಗ್ಗದ ಗುಳಿಗೆಯ ಎದುರೋ? ಎರಡಕ್ಕೂ ಅಜಗಜಾಂತರ.

ಮೊದಲು ಏನೂ ಇಲ್ಲದ ಗುಳಿಗೆಯ ವಿಷಯ. ವೈದ್ಯರು ಪ್ಲಸೀಬೊ ಎನ್ನುವ ಈ ಹುಸಿಮದ್ದು ತಲೆನೋವಿನ ಮಟ್ಟಿಗೆ ಬಡಪಾಯಿಯಲ್ಲ, ಘಟಾನುಘಟಿ ಎದುರಾಳಿ. ಬಾಸ್ಟನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸೊಗಸಾಗಿ ತೋರಿಸಿತು. 66 ಮಂದಿ ಮೈಗ್ರೇನ್ ಪೀಡಿತರು. ಮೊದಲ ಸಲ ತಲೆನೋವು ಬಂದಾಗ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಮುಂದಿನ ಆರು ಸಲ ಒಂದೊಂದು ಲಕೋಟೆ ಒಡೆದು ಅದರಲ್ಲಿದ್ದ ಗುಳಿಗೆ ನುಂಗಬೇಕು. ಕೆಲವು ಲಕೋಟೆಗಳ ಮೇಲೆ ‘ಮ್ಯಾಕ್ಸಾಲ್ಟ್’ ಎಂಬ ನಿಜವಾದ ಔಷಧದ ಹೆಸರು, ಕೆಲವುಗಳ ಮೇಲೆ ‘ಪ್ಲಸೀಬೊ’ ಎಂದು, ಇನ್ನು ಕೆಲವುಗಳ ಮೇಲೆ ಎರಡರಲ್ಲಿ ಯಾವುದೂ ಇರಬಹುದು ಎಂದು. ಒಳಗಿರುವುದು ಮಾತ್ರ ಹೊರಗೆ ಬರೆದದ್ದೇ ಆಗಿರಬೇಕೆಂದಿರಲಿಲ್ಲ. ಔಷಧದ ಹೆಸರು ಹೊತ್ತ ಹುಸಿಗುಳಿಗೆಯೂ ಹುಸಿಯೆಂಬ ಚೀಟಿ ಹೊತ್ತ ನಿಜ ಔಷಧವೂ ನೋವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಸಿದವು. ಅದಕ್ಕಿಂತ ಅಚ್ಚರಿಯೆಂದರೆ, ಇದು ಹುಸಿ ಎಂದು ಲಕೋಟೆಯ ಮೇಲೇ ಓದಿ ಹುಸಿಯನ್ನೇ ನುಂಗಿದವರಿಗೂ ಏನೂ ತೆಗೆದುಕೊಳ್ಳದಿದ್ದಾಗಿನದಕ್ಕಿಂತ ವಾಸಿಯೆನಿಸಿತು. ಇನ್ನು ಹುಸಿಮದ್ದನ್ನು ಗುಳಿಗೆಯ ಬದಲು ಸೂಜಿಯ ಮೂಲಕ ಕೊಟ್ಟರೆ ಅದರ ಬಲ ಮತ್ತಷ್ಟು ಹೆಚ್ಚು.

ಇದೆಲ್ಲ ಮನಸ್ಸಿನ ಆಟ, ತಲೆನೋವು ಬರೀ ನೆಪ ಎಂದು ಮೂಗು ಮುರಿಯುವವರು ಮನೆಮನೆಯಲ್ಲೂ ಇದ್ದಾರೆ. ಅವರಿಗೆ ಈ ಅಧ್ಯಯನದಿಂದ ಯಾವ ಬೆಂಬಲವೂ ಸಿಗದು. ನಿರೀಕ್ಷೆ ನೋವನ್ನು ತಗ್ಗಿಸುವುದು ಮೆದುಳಿನಲ್ಲೇ, ನೋವಿನ ಅನುಭವ ಹುಟ್ಟುವ ಜಾಗದಲ್ಲೇ. ಅಲ್ಲದೆ ಹುಸಿಮದ್ದಿನ ಗುಂಪು ಸುಧಾರಿಸುವುದಕ್ಕೆ ಇನ್ನೊಂದು ನೀರಸ ಕಾರಣವೂ ಇದೆ. ಮೈಗ್ರೇನ್ ಏರಿಳಿಯುವ ಕಾಯಿಲೆ. ಜನ ಪ್ರಯೋಗಕ್ಕೆ ಹೆಸರು ಬರೆಸುವುದು ನೋವು ವಿಪರೀತವಾದ ತಿಂಗಳುಗಳಲ್ಲಿ. ಮುಂದಿನ ತಿಂಗಳು ಅದು ತಾನಾಗಿಯೇ ಇಳಿಯುವ ಸಂಭವ ಹೆಚ್ಚು. ಮಳೆ ಜೋರಾದಾಗ ಹರಕೆ ಹೊತ್ತವನಿಗೆ ಮಳೆ ನಿಂತದ್ದು ಹರಕೆಯಿಂದಲೇ ಎಂದು ಕಾಣುತ್ತದಲ್ಲ, ಹಾಗೆ.

ಮಕ್ಕಳ ವಿಷಯದಲ್ಲಂತೂ ಇದು ವೈದ್ಯಲೋಕಕ್ಕೆ ಸರಿಯಾದ ಪೆಟ್ಟು ಕೊಟ್ಟಿತು. ಮೈಗ್ರೇನ್ ಬರದಂತೆ ತಡೆಯಲು ವರ್ಷಗಟ್ಟಲೆ ಬಳಕೆಯಲ್ಲಿದ್ದ ಎರಡು ಹಳೆಯ ಔಷಧಗಳು ಅಮಿಟ್ರಿಪ್ಟಿಲಿನ್ ಮತ್ತು ಟೋಪಿರಾಮೇಟ್. ಇವೆರಡನ್ನೂ ಹುಸಿಗುಳಿಗೆಯೊಡನೆ ತೂಗಿ ನೋಡಲು ಅಮೆರಿಕದಲ್ಲಿ 8ರಿಂದ 17 ವರ್ಷದ ಮಕ್ಕಳ ಮೇಲೆ ‘ಚಾಂಪ್’ ಪ್ರಯೋಗ ನಡೆಯಿತು. ಸರ್ಕಾರದ ಹಣ, ಯಾವ ಕಂಪನಿಗೂ ಲಾಭವಿಲ್ಲದ ಪ್ರಶ್ನೆ. 2017ರಲ್ಲಿ ಬಂದ ಫಲಿತಾಂಶ ಹೀಗಿತ್ತು: ತಲೆನೋವಿನ ದಿನಗಳು ಅರ್ಧ ಅಥವಾ ಅದಕ್ಕಿಂತ ಹೆಚ್ಚು ತಗ್ಗಿದ ಮಕ್ಕಳು ಅಮಿಟ್ರಿಪ್ಟಿಲಿನ್ ಗುಂಪಿನಲ್ಲಿ ಶೇ 52, ಟೋಪಿರಾಮೇಟ್ ಗುಂಪಿನಲ್ಲಿ ಶೇ 55, ಹುಸಿಗುಳಿಗೆಯ ಗುಂಪಿನಲ್ಲಿ ಶೇ 61. ಮುಂದುವರಿಸಿ ಪ್ರಯೋಜನವಿಲ್ಲವೆಂದು ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಕೈಕಾಲು ಜುಮುಗುಡುವುದು, ಆಯಾಸ ಮುಂತಾದ ತೊಂದರೆಗಳು ಮಾತ್ರ ಔಷಧ ನುಂಗಿದ ಮಕ್ಕಳಿಗೇ ಹೆಚ್ಚು.

ಹೀಗಿರುವ ಎದುರಾಳಿಯನ್ನು ಕಳೆದ ಹತ್ತು ವರ್ಷಗಳಲ್ಲಿ ಒಂದು ಗುಂಪಿನ ಔಷಧಗಳು ಮತ್ತೆ ಮತ್ತೆ ಸೋಲಿಸಿವೆ. ಇದರ ಹಿಂದಿರುವುದು ಸಿಜಿಆರ್‌ಪಿ ಎಂಬ ಸಣ್ಣ ಪ್ರೋಟೀನ್ ತುಣುಕು. ಮುಖ ಮತ್ತು ತಲೆಯ ಸಂವೇದನೆ ಹೊತ್ತೊಯ್ಯುವ ಟ್ರೈಜೆಮಿನಲ್ ನರದ ತುದಿಗಳಿಂದ ಇದು ಒಸರುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ. 1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ ತಂಡ, ಮೈಗ್ರೇನ್ ಬಂದಿರುವಾಗಲೇ ರೋಗಿಗಳ ಕತ್ತಿನ ಸಿರೆಯಿಂದ ರಕ್ತ ತೆಗೆದು ನೋಡಿ, ಅದರಲ್ಲಿ ಸಿಜಿಆರ್‌ಪಿ ಏರಿರುವುದನ್ನು ವರದಿ ಮಾಡಿತು. ಮುಂದೆ ಡೆನ್ಮಾರ್ಕಿನವರು ಅದನ್ನೇ ಮೈಗ್ರೇನ್ ಇರುವವರ ರಕ್ತಕ್ಕೆ ಹರಿಸಿದಾಗ ಹಲವರಿಗೆ ಅಂಥದ್ದೇ ತಲೆನೋವು ಬಂತು. ಕಳ್ಳ ಸಿಕ್ಕಿಬಿದ್ದನೆಂದು ಎಲ್ಲರೂ ಅಂದುಕೊಂಡರೂ ಔಷಧವಾಗಿ ಕೈಗೆ ಬರಲು ಮತ್ತೆ ಬಹಳ ಕಾಲ ಹಿಡಿಯಿತು. ಟೆಲ್ಕಾಜೆಪ್ಯಾಂಟ್ ಎಂಬ ಗುಳಿಗೆ ನೋವನ್ನೇನೋ ಇಳಿಸಿತು, ಆದರೆ ದಿನವೂ ನುಂಗಿದ ಕೆಲವರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದರಿಂದ ಮರ್ಕ್ ಕಂಪನಿ ಅದನ್ನು 2011ರಲ್ಲಿ ಕೈಬಿಟ್ಟಿತು. ಕೊನೆಗೆ 2018ರ ಮೇ ತಿಂಗಳಲ್ಲಿ, ಸಿಜಿಆರ್‌ಪಿ ಹೋಗಿ ಅಂಟಿಕೊಳ್ಳುವ ಜಾಗವನ್ನೇ ಮುಚ್ಚುವ ಪ್ರತಿಕಾಯ ಎರೆನುಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತಿಂಗಳಿಗೊಂದು ಚುಚ್ಚುಮದ್ದು. ಅದರ ಬೆನ್ನಿಗೇ ಸಿಜಿಆರ್‌ಪಿಯನ್ನು ತಡೆಯುವ ಇನ್ನೂ ಮೂರು ಪ್ರತಿಕಾಯಗಳು, ಜೆಪ್ಯಾಂಟ್ ಎಂಬ ಬಾಲ ಹೊತ್ತ ಗುಳಿಗೆಗಳು, ಒಂದು ಮೂಗಿನ ಸ್ಪ್ರೇ ಬಂದವು.

ಎರೆನುಮ್ಯಾಬ್‌ಗೆ ಅನುಮತಿ ತಂದುಕೊಟ್ಟ ‘ಸ್ಟ್ರೈವ್’ ಪ್ರಯೋಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಉಳಿದವುಗಳ ಅಚ್ಚೂ ಬಹುಮಟ್ಟಿಗೆ ಇದೇ. 955 ಮಂದಿ. ಪ್ರಯೋಗದ ಮದ್ದು ಕೊಡುವ ಮುಂಚೆ ಕೆಲವು ವಾರ ತಲೆನೋವಿನ ದಿನಚರಿ ಬರೆಯಬೇಕು. ಅದನ್ನು ನೆಟ್ಟಗೆ ತುಂಬದವರು ಅಲ್ಲಿಂದಲೇ ಮನೆಗೆ. ಉಳಿದವರನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುತ್ತಾರೆ. ಶುರುವಿನಲ್ಲಿ ಸರಾಸರಿ ತಿಂಗಳಿಗೆ 8.3 ಮೈಗ್ರೇನ್ ದಿನಗಳಿದ್ದವು. 140 ಮಿಲಿಗ್ರಾಂ ಪಡೆದವರಲ್ಲಿ 3.7 ದಿನ ಕಡಿಮೆಯಾಯಿತು, ಹುಸಿ ಚುಚ್ಚುಮದ್ದು ಪಡೆದವರಲ್ಲಿ 1.8 ದಿನ. ಔಷಧದ ಸ್ವಂತ ಗಳಿಕೆ ಎಂದರೆ ಇವೆರಡರ ನಡುವಿನ ಅಂತರ, ತಿಂಗಳಿಗೆ ಎರಡು ದಿನಕ್ಕೂ ತುಸು ಕಡಿಮೆ.

ಇಷ್ಟೇನಾ ಎನ್ನಬಹುದು. ಸರಾಸರಿಯೆಂಬುದು ಹಾಗೆಯೇ, ಅದರೊಳಗೆ ಅದೃಷ್ಟವಂತರೂ ನತದೃಷ್ಟರೂ ಒಟ್ಟಿಗೆ ಅಡಗಿರುತ್ತಾರೆ. ನೋವಿನ ದಿನಗಳು ಅರ್ಧ ಅಥವಾ ಹೆಚ್ಚು ಇಳಿದವರನ್ನು ಎಣಿಸಿದರೆ 140 ಮಿಲಿಗ್ರಾಂ ಗುಂಪಿನಲ್ಲಿ ಶೇ 50, ಹುಸಿಮದ್ದಿನಲ್ಲಿ ಶೇ 26.6. ಅಂದರೆ ನಾಲ್ಕೈದು ಮಂದಿಗೆ ಕೊಟ್ಟರೆ ಒಬ್ಬರಿಗೆ ಔಷಧದಿಂದಲೇ ಇಂಥ ಲಾಭ. ತಡೆಮದ್ದುಗಳ ಲೋಕದಲ್ಲಿ ಇದು ಕಳಪೆ ಅಂಕವೇನಲ್ಲ. ಆದರೆ ಇದನ್ನು ‘ಅರ್ಧದಷ್ಟು ಜನರಿಗೆ ನೋವು ಅರ್ಧಕ್ಕಿಳಿಸಿದ ಮದ್ದು’ ಎಂದು ಬರೆದು, ಏನೂ ಇಲ್ಲದ ಸೂಜಿಯಿಂದ ಕಾಲುಭಾಗ ಜನರಿಗೆ ಆದ ಲಾಭವನ್ನು ಬಿಟ್ಟರೆ ಓದುಗರಿಗೆ ಮೋಸ.

ನೋವು ಬಂದಾಗ ನುಂಗುವ ಗುಳಿಗೆಗಳಲ್ಲಿ ಈ ಮೋಸ ಇನ್ನೂ ಸುಲಭ. ಅಲ್ಲಿ ಅಳತೆಗೋಲು, ಎರಡು ಗಂಟೆಯೊಳಗೆ ನೋವು ಪೂರ್ತಿ ಹೋಯಿತೇ ಎಂಬುದು. ಉಬ್ರೊಜೆಪ್ಯಾಂಟ್ 100 ಮಿಲಿಗ್ರಾಂ ನುಂಗಿದವರಲ್ಲಿ ಶೇ 21.2 ಮಂದಿಗೆ ಹೋಯಿತು, ಹುಸಿಗುಳಿಗೆಯಲ್ಲಿ ಶೇ 11.8. ನೂರು ಜನ ನುಂಗಿದರೆ ಹೆಚ್ಚಿನ ಲಾಭ ಒಂಬತ್ತು ಜನರಿಗೆ. ರಿಮೆಜೆಪ್ಯಾಂಟ್‌ನ ಲೆಕ್ಕವೂ ಹೆಚ್ಚುಕಡಿಮೆ ಇದೇ. ಈ ಔಷಧಗಳನ್ನು 1990ರ ದಶಕದಿಂದ ಮಾರುಕಟ್ಟೆಯಲ್ಲಿರುವ ಟ್ರಿಪ್ಟಾನ್ ಎಂಬ ಗುಂಪಿನ ಮೈಗ್ರೇನ್ ಔಷಧಗಳ ಪಕ್ಕದಲ್ಲಿಟ್ಟು ನೋಡಿದವರು ಯಾರು? 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ 137 ಪ್ರಯೋಗಗಳ 89,445 ಮಂದಿಯ ಲೆಕ್ಕವನ್ನು ಒಟ್ಟುಗೂಡಿಸಿತು. ಎಲೆಟ್ರಿಪ್ಟಾನ್, ರೈಜಾಟ್ರಿಪ್ಟಾನ್, ಸುಮಾಟ್ರಿಪ್ಟಾನ್, ಜೋಲ್ಮಿಟ್ರಿಪ್ಟಾನ್ ಎಂಬ ನಾಲ್ಕು ಹಳಬರು ಉಬ್ರೊಜೆಪ್ಯಾಂಟ್, ರಿಮೆಜೆಪ್ಯಾಂಟ್, ಲಾಸ್ಮಿಡಿಟಾನ್ ಎಂಬ ಮೂವರು ಹೊಸಬರಿಗಿಂತ ಮೇಲು ಎಂದು ಅದು ಕಂಡಿತು. ಹಾಗೆಂದು ಹೊಸಬರು ಬೇಡವೆಂದಲ್ಲ. ಟ್ರಿಪ್ಟಾನ್‌ಗಳು ರಕ್ತನಾಳಗಳನ್ನು ಬಿಗಿಯಾಗಿಸುತ್ತವೆ. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಅವು ಸಲ್ಲ. ಅಂಥವರಿಗೆ, ಟ್ರಿಪ್ಟಾನ್ ಒಗ್ಗದವರಿಗೆ, ಜೆಪ್ಯಾಂಟ್‌ಗಳು ಬಂದದ್ದು ನಿಜವಾದ ಉಪಕಾರ.

ಹೊಸದನ್ನೂ ಹಳೆಯದನ್ನೂ ನೇರ ಅಖಾಡಕ್ಕಿಳಿಸಿದ ಪ್ರಯೋಗಗಳು ವಿರಳ. ಜರ್ಮನಿಯ ‘ಹರ್ಮಿಸ್’ ಅಂಥದ್ದೊಂದು: 777 ಮಂದಿ, ಎರೆನುಮ್ಯಾಬ್ ಒಂದು ಕಡೆ, ಟೋಪಿರಾಮೇಟ್ ಇನ್ನೊಂದು ಕಡೆ. ತೊಂದರೆ ತಾಳಲಾರದೆ ಬಿಟ್ಟವರು ಎರೆನುಮ್ಯಾಬ್‌ನಲ್ಲಿ ಶೇ 10.6, ಟೋಪಿರಾಮೇಟ್‌ನಲ್ಲಿ ಶೇ 38.9. ನೋವು ಅರ್ಧಕ್ಕಿಳಿದವರೂ ಹೊಸ ಔಷಧದಲ್ಲೇ ಹೆಚ್ಚು, ಶೇ 55.4, ಹಳೆಯದರಲ್ಲಿ ಶೇ 31.2. ಪ್ರಯೋಗ ನಡೆಸಿದ್ದು ಎರೆನುಮ್ಯಾಬ್ ಮಾರುವ ನೊವಾರ್ಟಿಸ್. ಎದುರಿಗೆ ನಿಲ್ಲಿಸಲು ಆರಿಸಿದ್ದು ಹಳೆಯ ಔಷಧಗಳಲ್ಲೇ ತೊಂದರೆಗೆ ಹೆಸರಾದದ್ದನ್ನು. ಫಲಿತಾಂಶ ಸುಳ್ಳೆಂದು ನಾನು ಹೇಳುತ್ತಿಲ್ಲ, ಇನ್ನೊಂದು ಹಳೆಯ ತಡೆಮದ್ದಾದ ಪ್ರೊಪ್ರನೊಲಾಲ್ ಎದುರು ನಿಂತಿದ್ದರೆ ಲೆಕ್ಕ ಹೇಗಿರುತ್ತಿತ್ತು ಎಂದು ಕೇಳುವ ಹಕ್ಕು ನಮಗಿದೆ ಎನ್ನುತ್ತಿದ್ದೇನೆ. ಪರಿಣತರೇ ಇಲ್ಲಿ ಎರಡು ಬಣ. ಅಮೆರಿಕನ್ ಹೆಡೇಕ್ ಸೊಸೈಟಿ 2024ರಲ್ಲಿ ಸಿಜಿಆರ್‌ಪಿ ಔಷಧಗಳನ್ನು ತಡೆಚಿಕಿತ್ಸೆಯ ಮೊದಲ ಸಾಲಿನಲ್ಲೇ ಕೂರಿಸಿತು. ಮರುವರ್ಷವೇ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಮೊದಲು ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್‌ನಂಥ ಹಳೆಯವನ್ನೇ ಕೊಟ್ಟು ನೋಡಿ ಎಂದಿತು. ಕಿಸೆಯಿಂದಲೇ ಔಷಧದ ದುಡ್ಡು ಕೊಡುವ ನಮ್ಮಂಥವರಿಗೆ ಎರಡನೆಯವರ ಮಾತು ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಅಗ್ಗದ ಔಷಧಗಳ ದೊಡ್ಡ ಸಮಸ್ಯೆ ಅವುಗಳ ಗುಣದಲ್ಲಿಲ್ಲ, ಅವುಗಳಿಗೆ ವಾರಸುದಾರರಿಲ್ಲದಿರುವುದರಲ್ಲಿದೆ. ಪೇಟೆಂಟ್ ಮುಗಿದ ಗುಳಿಗೆಯ ಮೇಲೆ ಕೋಟಿಗಟ್ಟಲೆ ಸುರಿದು ಪ್ರಯೋಗ ಮಾಡಲು ಯಾವ ಕಂಪನಿಗೆ ಏನು ಬಿದ್ದಿದೆ? ಆದ್ದರಿಂದಲೇ ನಾರ್ವೆ ಮತ್ತು ಎಸ್ಟೋನಿಯಾದ ಆಸ್ಪತ್ರೆಗಳು ಸೇರಿ ನಡೆಸಿದ, 2025ರಲ್ಲಿ ಪ್ರಕಟವಾದ ಕ್ಯಾಂಡೆಸಾರ್ಟಾನ್ ಪ್ರಯೋಗ ನನ್ನ ಕಣ್ಣಿಗೆ ಇತ್ತೀಚಿನ ಹಲವು ದೊಡ್ಡ ಸುದ್ದಿಗಳಿಗಿಂತ ದೊಡ್ಡದು. ಕ್ಯಾಂಡೆಸಾರ್ಟಾನ್ ರಕ್ತದೊತ್ತಡದ ಹಳೆಯ ಗುಳಿಗೆ. 457 ಮಂದಿಯ ಆ ಪ್ರಯೋಗದಲ್ಲಿ 16 ಮಿಲಿಗ್ರಾಂ ಪಡೆದವರಿಗೆ ತಿಂಗಳಿಗೆ ಸುಮಾರು ಎರಡು ಮೈಗ್ರೇನ್ ದಿನಗಳು ತಗ್ಗಿದವು, ಹುಸಿಗುಳಿಗೆಯವರಿಗೆ ಒಂದು ದಿನಕ್ಕೂ ಕಡಿಮೆ. ಅಂತರ ಸ್ಟ್ರೈವ್‌ನದಕ್ಕಿಂತ ಚಿಕ್ಕದೇ. ಬೆಲೆಯ ಅಂತರವಂತೂ ಅಳೆಯುವಂತಿಲ್ಲ.

ಹೊಸ ದಾರಿಗಳೂ ತೆರೆಯುತ್ತಿವೆ. ಸಿಜಿಆರ್‌ಪಿ ತಡೆದರೂ ಫಲ ಕಾಣದವರಿಗಾಗಿ ಪಿಎಸಿಎಪಿ ಎಂಬ ಇನ್ನೊಂದು ನರರಾಸಾಯನಿಕದ ಮೇಲೆ ಕಣ್ಣು ಬಿದ್ದಿದೆ. 2024ರಲ್ಲಿ ಪ್ರಕಟವಾದ ‘ಹೋಪ್’ ಪ್ರಯೋಗದಲ್ಲಿ ಅದರ ವಿರುದ್ಧದ ಪ್ರತಿಕಾಯವನ್ನು ಒಂದೇ ಸಲ ರಕ್ತನಾಳಕ್ಕೆ ಹರಿಸಿದಾಗ ನಾಲ್ಕು ವಾರಗಳಲ್ಲಿ 6.2 ದಿನ ತಗ್ಗಿತು. ಬರೀ ಹುಸಿದ್ರವ ಹರಿಸಿದವರಲ್ಲಿ? 4.2 ದಿನ. ಇವರಿಗೆಲ್ಲ ಮೊದಲೇ ನೋವಿನ ದಿನಗಳು ಜಾಸ್ತಿ ಇದ್ದವು ನಿಜ, ಆದರೂ ಆಸ್ಪತ್ರೆಯ ಮಂಚ, ಬಾಟಲಿ, ಸೂಜಿ ಮಾಡುವ ಕೆಲಸವನ್ನು ಕಡೆಗಣಿಸುವಂತಿಲ್ಲ. ಇನ್ನೊಂದು ಪ್ರಯೋಗ ನೋವಿಗೆ ಮುಂಚಿನ ಹೊತ್ತನ್ನು ಹಿಡಿಯಲು ಹೊರಟಿತು. ಪದೇ ಪದೇ ಆಕಳಿಕೆ, ಬೆಳಕು ಚುಚ್ಚುವುದು, ಕತ್ತು ಬಿಗಿಯುವುದು ಮೊದಲಾದ ಸೂಚನೆ ಕಂಡೊಡನೆ ಉಬ್ರೊಜೆಪ್ಯಾಂಟ್ ನುಂಗಿದರೆ ಮುಂದಿನ 24 ಗಂಟೆ ಜೋರು ತಲೆನೋವು ಬರದೆ ಉಳಿದದ್ದು ಶೇ 46 ಸಲ. ಹುಸಿಗುಳಿಗೆಯಲ್ಲಿ ಶೇ 29. ಆದರೆ ಇದಕ್ಕೆ ಆರಿಸಿದ್ದು ತಮ್ಮ ಮೈಗ್ರೇನ್ ಬರುವುದನ್ನು ಗಂಟೆಗಳ ಮುಂಚೆಯೇ ನಿಖರವಾಗಿ ಹೇಳಬಲ್ಲವರನ್ನು ಮಾತ್ರ. ನಮ್ಮಲ್ಲಿ ಎಷ್ಟು ಮಂದಿ ಅಂಥವರು?

ಆ ಪ್ರಶ್ನೆ ನಮ್ಮ ಊರಿಗೇ ಕರೆತರುತ್ತದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಭಾಗಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಮಂದಿಯನ್ನು ಮಾತಾಡಿಸಿ ಮಾಡಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಇದ್ದವರು ಶೇ 25.2. ನಾಲ್ವರಲ್ಲಿ ಒಬ್ಬರು! ಆದರೆ ಔಷಧಗಳನ್ನು ನಿರ್ಧರಿಸುವ ದೊಡ್ಡ ಪ್ರಯೋಗಗಳಲ್ಲಿ ಭಾಗವಹಿಸಿದವರು ಬಹುಪಾಲು ಅಮೆರಿಕ, ಯುರೋಪಿನ ಬಿಳಿಯ ಹೆಂಗಸರು. ತಲೆಸ್ನಾನ ಮಾಡಿದರೆ ತಲೆನೋವು ಎಂಬ ದೂರು ನಮ್ಮ ಮನೆಗಳಲ್ಲಿ ಹೊಸದಲ್ಲ. ಮುಂಬೈಯ ತಲೆನೋವು ತಜ್ಞ ಕೆ. ರವಿಶಂಕರ್ ಅಂಥ 94 ರೋಗಿಗಳ ವಿವರವನ್ನು 2006ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದಾಗ ಹೊರಗಿನವರಿಗೆ ಅದು ಹೊಸ ಸುದ್ದಿಯಾಗಿತ್ತು. ಯೋಗದ ವಿಷಯದಲ್ಲಿ ದೆಹಲಿಯ ಏಮ್ಸ್ 160 ಮಂದಿಯ ಪ್ರಯೋಗ ನಡೆಸಿ, ಔಷಧದ ಜೊತೆ ಯೋಗವೂ ಸೇರಿದರೆ ಬರೀ ಔಷಧಕ್ಕಿಂತ ಒಳ್ಳೆಯದು ಎಂದು 2020ರಲ್ಲಿ ವರದಿ ಮಾಡಿತು. ಕೊನೆಯವರೆಗೂ ಉಳಿದದ್ದು 114 ಮಂದಿ. ಯೋಗಕ್ಕೆ ಹುಸಿಗುಳಿಗೆ ಎಲ್ಲಿಂದ ತರುವುದು? ಆಸನ ಹಾಕುತ್ತಿರುವವರಿಗೆ ತಾವು ಆಸನ ಹಾಕುತ್ತಿದ್ದೇವೆಂದು ತಿಳಿದೇ ಇರುತ್ತದೆ. ಆ ಫಲಿತಾಂಶವನ್ನು ಸಂತೋಷದಿಂದ ಓದಬಹುದು, ಕುಣಿದಾಡುವಂತಿಲ್ಲ.

ಇನ್ನೊಂದು ದೊಡ್ಡ ಗುಂಪು ಪ್ರಯೋಗಗಳ ಹೊಸ್ತಿಲಲ್ಲೇ ಉಳಿಯುತ್ತದೆ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ ಅಥವಾ ಎರಡುಮೂರು ಔಷಧ ಬೆರೆಸಿದ ಗುಳಿಗೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಆ ಗುಳಿಗೆಯೇ ತಲೆನೋವು ತರತೊಡಗಬಹುದು. ಲೆಕ್ಕ ಕೆಡುತ್ತದೆಂದು ಹಲವು ಪ್ರಯೋಗಗಳು ಇಂಥವರನ್ನು ಹೊರಗಿಡುತ್ತವೆ. ನರತಜ್ಞರ ಬಾಗಿಲಲ್ಲಿ ಸಾಲು ನಿಲ್ಲುವವರಲ್ಲಿ ಅಂಥವರೇ ಧಾರಾಳ.

ಅನುಮತಿ ಸಿಕ್ಕ ಮೇಲೂ ಪ್ರಯೋಗ ಮುಗಿದಂತಲ್ಲ. ಸ್ಟ್ರೈವ್‌ನಲ್ಲಿ ಮಲಬದ್ಧತೆ ಸಣ್ಣ ದೂರಾಗಿತ್ತು. ಲಕ್ಷಾಂತರ ಜನ ಬಳಸತೊಡಗಿದ ಮೇಲೆ ಕೆಲವರನ್ನು ಆಸ್ಪತ್ರೆಗೆ ಸೇರಿಸುವಷ್ಟು ಅದು ಉಲ್ಬಣಿಸಿದ್ದು ತಿಳಿದು, ಅಮೆರಿಕದಲ್ಲಿ ಎರೆನುಮ್ಯಾಬ್‌ನ ಮಾಹಿತಿಪತ್ರಕ್ಕೆ ಎಚ್ಚರಿಕೆ ಸೇರಿತು. ಆಮೇಲೆ ರಕ್ತದೊತ್ತಡ ಏರುವ ಎಚ್ಚರಿಕೆಯೂ ಬಂತು.

ಭಾರತದಲ್ಲಿ ರಿಮೆಜೆಪ್ಯಾಂಟ್ ಅನ್ನು ಫೈಜರ್ 2025ರಲ್ಲಿ ಮಾರುಕಟ್ಟೆಗೆ ಇಳಿಸಿತು. ಮುಂದೆ ಬರುವ ಔಷಧಗಳು ಇಲ್ಲಿಯ ಜನರ ಮೇಲೆ ಪರೀಕ್ಷೆಗೊಳ್ಳುತ್ತವೆಯೇ ಎಂಬುದು ಮಾತ್ರ ನಿಶ್ಚಿತವಲ್ಲ. 2024ರ ಆಗಸ್ಟ್‌ನ ಕೇಂದ್ರದ ಆದೇಶದ ಪ್ರಕಾರ ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಐರೋಪ್ಯ ಒಕ್ಕೂಟಗಳಲ್ಲಿ ಅನುಮತಿ ಪಡೆದ ಕೆಲವು ಬಗೆಯ ಔಷಧಗಳಿಗೆ ಸ್ಥಳೀಯ ಪ್ರಯೋಗದಿಂದ ವಿನಾಯಿತಿ ಸಿಗಬಹುದು. ಅಪರೂಪದ ಕಾಯಿಲೆಯ ಔಷಧಗಳ ಜೊತೆಗೆ, ಈಗಿರುವ ಚಿಕಿತ್ಸೆಗಿಂತ ಗಣನೀಯವಾಗಿ ಮೇಲಾದ ಔಷಧಗಳೂ ಆ ಪಟ್ಟಿಯಲ್ಲಿವೆ. ಹುಸಿಮದ್ದಿನ ಎದುರಷ್ಟೇ ಗೆದ್ದು ಬಂದ ಮೈಗ್ರೇನ್ ಔಷಧ ಈಗಿರುವ ಚಿಕಿತ್ಸೆಗಿಂತ ಮೇಲೆಂದು ಹೇಗೆ ಸಾಬೀತಾಗುತ್ತದೆ? ಆ ಬಾಗಿಲನ್ನು ಕಾಯುವವರು ಮತ್ತೆ ಅದೇ ಪ್ರಶ್ನೆ ಕೇಳಬೇಕಾಗುತ್ತದೆ.

ಪ್ರಯೋಗ ಇಲ್ಲಿಯೇ ನಡೆದು ನಿಮ್ಮನ್ನು ಕರೆದರೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂದು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಯಾವುದರ ಎದುರು ಹೋಲಿಕೆ, ಎಷ್ಟು ಮಂದಿ, ಹಣ ಯಾರದು, ಎಲ್ಲ ಅಲ್ಲಿರುತ್ತದೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳಲ್ಲಿ ಅವಕಾಶವಿದೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವಾಗ ಹೆಚ್ಚಿನವರು ಕೇಳಲು ಮರೆಯುವುದು, ಪ್ರಯೋಗ ಮುಗಿದ ಮಾರನೆಯ ದಿನ ಏನು ಎಂಬುದನ್ನು. ಪ್ರತಿಕಾಯಗಳನ್ನು ನಿಲ್ಲಿಸಿದ ಕೆಲವು ತಿಂಗಳಲ್ಲಿ ಅನೇಕರಿಗೆ ನೋವು ಮರಳುತ್ತದೆ. ಪ್ರಯೋಗದ ನಂತರವೂ ಕಂಪನಿ ಔಷಧವನ್ನು ಉಚಿತವಾಗಿ ಕೊಡಬೇಕೆಂದು ಅದೇ ನಿಯಮಗಳು ಹೇಳುತ್ತವೆ, ಆದರೆ ಆ ಕಾಯಿಲೆಗೆ ಬೇರೆ ಚಿಕಿತ್ಸೆ ಇಲ್ಲದಿದ್ದರೆ ಮಾತ್ರ. ಮೈಗ್ರೇನ್‌ಗೆ ಬೇರೆ ಚಿಕಿತ್ಸೆ ಇದ್ದೇ ಇದೆ. ಹಾಗಾಗಿ ಹೊಸ ಔಷಧದಿಂದ ಆರು ತಿಂಗಳು ಹಾಯಾಗಿದ್ದವರು ಏಳನೆಯ ತಿಂಗಳು ಅದನ್ನು ಕೊಂಡುಕೊಳ್ಳಬೇಕು, ಇಲ್ಲವೇ ಪ್ರೊಪ್ರನೊಲಾಲ್‌ಗೆ ಮರಳಬೇಕು. ಇದರಲ್ಲಿ ಯಾವುದು ತಮ್ಮಿಂದಾದೀತು ಎಂಬುದನ್ನು ಸಹಿ ಹಾಕುವ ಮುಂಚೆಯೇ ಮನೆಯವರೊಡನೆ ಕೂತು ಲೆಕ್ಕ ಹಾಕಿಕೊಳ್ಳಬೇಕು.